ಸಾಕಷ್ಟು ಕುರಿಗಳು

ಗಲ್ಲದ ಅರ್ಧಕ್ಕೆ ಸೋಪಿನ ನೊರೆ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದಾಗ ಓಬಳೇಶನಿಗೆ ತಾನು ಈ ದಿನ ಒಂದು ಸುಳ್ಳು ಹೇಳಲಿದ್ದೇನೆ ಎಂಬುದು ಖಾತ್ರಿಯಾಯಿತು. ಯಾರಿಗೆ ಹೇಳಬೇಕು ಎನ್ನುವುದಷ್ಟೇ ಬಾಕಿ ಇತ್ತು. ಚಿಕ್ಕಪ್ಪನಿಗೆ ಹೇಳಬಹುದು, ಪಶುವೈದ್ಯರಿಗೆ ಹೇಳಬಹುದು, ಒಮಾನ್ ದೇಶದ ಯಾವುದೋ ಕಚೇರಿಯಲ್ಲಿ ಕೂತು ತನ್ನ ಅರ್ಜಿಯನ್ನು ತಿರುವಿ ಹಾಕುತ್ತಿರುವ ಕಾಣದ ಮನುಷ್ಯನಿಗೂ ಹೇಳಬಹುದು. ಆ ಮನುಷ್ಯನನ್ನು ಅವನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದ. ಬಿಳಿಯ ನಿಲುವಂಗಿ, ನೀಟಾಗಿ ಕತ್ತರಿಸಿದ ಗಡ್ಡ, ಮೇಜಿನ ಮೇಲೆ ಖರ್ಜೂರದ ತಟ್ಟೆ. ಅವನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ನಿಮ್ಮ ಉಣ್ಣೆ ಎಷ್ಟು ಕುರಿಗಳದು? ಮೂರು ತಿಂಗಳ ಹಿಂದೆ ಅರ್ಜಿಯ ಆ ಖಾನೆಯಲ್ಲಿ ಓಬಳೇಶ 'ಸಾಕಷ್ಟು' ಎಂದು ಬರೆದಿದ್ದ. ತಮಾಷೆಗೆ ಬರೆದದ್ದಲ್ಲ. ಅವನ ಮನೆತನದಲ್ಲಿ ಆ ಪ್ರಶ್ನೆಗೆ ಇರುವುದು ಅದೊಂದೇ ಉತ್ತರ. ಅಪ್ಪನನ್ನು ಕೇಳಿದರೂ 'ಅವೆ, ಸಾಕಷ್ಟು', ಚಿಕ್ಕಪ್ಪನನ್ನು ಕೇಳಿದರೂ ಅದೇ. ಕುರಿಯನ್ನು ಎಣಿಸಬಾರದು, ಎಣಿಸಿದರೂ ಬಾಯಿಬಿಟ್ಟು ಹೇಳಬಾರದು, ಹೇಳಿದರೆ ಮಂದೆಗೆ ಕಣ್ಣು ತಾಗುತ್ತದೆ. ಸಂಜೆ ರೊಪ್ಪದೊಳಗೆ ಕುರಿ ಕೂಡುವಾಗ ಎಷ್ಟು ಬಂದವು ಎಂದು ಯಾರೂ ನೋಡುವುದಿಲ್ಲ, ಯಾವುದು ಬರಲಿಲ್ಲ ಎಂದು ನೋಡುತ್ತಾರೆ. ವಕೀಲೆ ಆತಿಕಾ ಆ ಪದವನ್ನು ಹಾಗೇ ಇಂಗ್ಲಿಷಿಗೆ ತಿರುಗಿಸಿ ಕಳಿಸಿಯೂ ಬಿಟ್ಟಿದ್ದಳು. ಮರಳಿ ಬಂದ ಪತ್ರದಲ್ಲಿ ಒಂದೇ ಸಾಲು ಇತ್ತು. ತಮ್ಮಲ್ಲಿ ಸಾಕಷ್ಟು ಕುರಿಗಳಿರುವುದು ಸಂತೋಷ, ದಯವಿಟ್ಟು ಸಂಖ್ಯೆ ತಿಳಿಸಿ.

ಆ ಸಾಲನ್ನು ಆತಿಕಾ ಓದಿ ಹೇಳಿದಾಗ ಅವಳ ಆಫೀಸಿನಲ್ಲಿ ಇನ್ನೂ ಇಬ್ಬರು ಕಕ್ಷಿದಾರರು ಕೂತಿದ್ದರು. ಇಬ್ಬರೂ ಮರ್ಯಾದಸ್ಥರು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಕ್ಕರು. ಓಬಳೇಶನಿಗೆ ಕಿವಿಯ ತುದಿಯವರೆಗೂ ಬಿಸಿಯಾಯಿತು. ಈ ವ್ಯವಹಾರದಲ್ಲಿ ನಗೆಪಾಟಲಾಗುವುದು ಅವನಿಗೆ ಹೊಸದೇನೂ ಅಲ್ಲ. ಪಾಸ್‌ಪೋರ್ಟ್ ವಿಚಾರಣೆಗೆ ಮನೆಗೆ ಬಂದಿದ್ದ ಕಾನ್‌ಸ್ಟೇಬಲ್ 'ಆ ಬಿಸಿಲಿನ ದೇಶಕ್ಕೆ ಉಣ್ಣೆ ಕಂಬಳಿನಾ?' ಎಂದು ನಕ್ಕಿದ್ದ. ವೀಸಾಕ್ಕೆ ಫೋಟೋ ತೆಗೆದ ಸ್ಟುಡಿಯೋದವನು 'ನಗಬ್ಯಾಡ್ರಿ ಸಾರ್, ರಿಜೆಕ್ಟ್ ಆಗ್ತೈತೆ' ಎಂದು ಹೇಳುತ್ತಲೇ ತಾನು ನಕ್ಕಿದ್ದ. ಆದರೆ ಕಂಬಳಿ ಹೊದೆಯುವುದು ಅಲ್ಲಿಯ ಮನುಷ್ಯರಲ್ಲ, ಒಂಟೆಗಳು. ಆತಿಕಾಳ ಅಣ್ಣ ಜುಬೇರ್ ಹನ್ನೆರಡು ವರ್ಷದ ಹಿಂದೆ ಒಮಾನಿನ ಸಲಾಲಕ್ಕೆ, ಒಂಟೆಯ ಜೀನು ಹೊಲಿಯುವ ಅಂಗಡಿಗೆ ಕೆಲಸಕ್ಕೆ ಹೋದಾಗ ಅವನ ತಾಯಿ ಚಳಿಗೆ ಇರಲಿ ಎಂದು ಹೊಸದುರ್ಗದ ಒಂದು ಕರಿ ಕಂಬಳಿಯನ್ನು ಪೆಟ್ಟಿಗೆಯಲ್ಲಿ ತುರುಕಿದ್ದಳು. ಆ ಸೆಕೆಯಲ್ಲಿ ಅದನ್ನು ನಾಲ್ಕು ಜನಕ್ಕೆ ತೋರಿಸಲೂ ನಾಚಿಕೆಯಾಗಿ ಅವನು ಮಂಚದ ಕೆಳಗೆ ತಳ್ಳಿದ್ದ. ಒಂದು ದಿನ ಮಾಲೀಕನ ಒಂಟೆಗೆ ಜೀನು ಉಜ್ಜಿ ಬೆನ್ನು ಹುಣ್ಣಾದಾಗ, ಇದ್ದದ್ದು ಇದೊಂದೇ ಎಂದು ಜೀನಿನ ಅಡಿಗೆ ಹಾಸಿದ. ಕಂಬಳಿ ಜಾರಲಿಲ್ಲ, ಬೆವರು ಹೀರಿತು, ಒಂಟೆಗೆ ಹಿತವಾಯಿತು. ಅಂದಿನಿಂದ ವರ್ಷಕ್ಕೆ ನಾಲ್ಕೈದು ಮೂಟೆ ಓಬಳೇಶನ ಮಗ್ಗಗಳಿಂದ ಹೋಗುತ್ತಿದ್ದವು. ಈಗ ಅಲ್ಲೇ ಇಬ್ಬರ ಹೆಸರಿನಲ್ಲಿ ಅಂಗಡಿ ತೆರೆಯಬೇಕು ಎಂದಾಗಿತ್ತು. ಅಂಗಡಿಗೆ ಪರವಾನಗಿ ಸಿಕ್ಕರೆ ಓಬಳೇಶನಿಗೆ ಪಾಲುದಾರನ ವೀಸಾ, ಪರವಾನಗಿ ಬೇಕಾದರೆ ಉಣ್ಣೆಗೆ ಪಶುವೈದ್ಯರ ಪ್ರಮಾಣಪತ್ರ, ಪ್ರಮಾಣಪತ್ರಕ್ಕೆ ಕುರಿಗಳ ಸಂಖ್ಯೆ. ಜುಬೇರ್ ಇದನ್ನು ನಂಬಿ ಇದ್ದ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದ. ಎಲ್ಲ ಕಾಗದ ಇವತ್ತು ಸಂಜೆ ಐದರೊಳಗೆ ಕಂಪ್ಯೂಟರಿನಲ್ಲಿ ಏರಿಸದಿದ್ದರೆ ಅರ್ಜಿ ರದ್ದು. ಮತ್ತೆ ಮೊದಲಿನಿಂದ ಶುರು ಮಾಡಲು ಜುಬೇರನಿಗೆ ಅಲ್ಲಿ ಉಳಿಯುವ ಅವಧಿಯೇ ಇರಲಿಲ್ಲ.

'ಚಿಕ್ಕಪ್ಪ ಒಪ್ತಾನಾ?' ಎಂದು ಹೆಂಡತಿ ಮಮತಾ ರೊಟ್ಟಿ ಬಡಿಯುತ್ತ ಕೇಳಿದಳು. 'ಒಪ್ಪಲ್ಲ' ಎಂದ ಓಬಳೇಶ. 'ಹಂಗಾದ್ರೆ ನಗ್ತಾ ಯಾಕೆ ಹೊಂಟಿದೀಯ?' ಎಂದಳು. ತಾನು ನಗುತ್ತಿದ್ದೇನೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಬೈಕು ತೆಗೆದು ಹಾಲುರಾಮೇಶ್ವರದ ದಾರಿ ಹಿಡಿದಾಗಲೂ ಅವನಿಗೆ ಅದೇ ಯೋಚನೆ. ಚಿಕ್ಕಪ್ಪ ಒಪ್ಪದಿದ್ದರೆ ಒಳಗೊಳಗೇ ತನಗೆ ಸಮಾಧಾನವಾಗುತ್ತದೆ, ಇದು ಎಂಥ ಹಲ್ಕಾ ಬುದ್ಧಿ ಎಂದು ತನ್ನನ್ನೇ ಬೈದುಕೊಂಡ. ರಸ್ತೆಯ ಎರಡೂ ಕಡೆ ತೆಂಗಿನ ತೋಟಗಳು, ನಡುನಡುವೆ ರಾಗಿ ಕೊಯ್ದ ಬಯಲು. ಇಂಥದೇ ಬಯಲಿನಲ್ಲಿ, ಮೂವತ್ತೆರಡು ವರ್ಷದ ಹಿಂದೆ, ಒಂಬತ್ತು ವರ್ಷದ ಹುಡುಗ ಓಬಳೇಶ ಬಂಡೆಗಲ್ಲಿನ ಮೇಲೆ ನಿಂತಿದ್ದಾನೆ. ಉಣ್ಣೆ ಕತ್ತರಿಸುವ ದಿನ, ಊರಿನ ಹತ್ತು ಜನ ಸಾಲಾಗಿ ಕೂತಿದ್ದಾರೆ, ಕತ್ತರಿಗಳು ಕಚಕ್ ಕಚಕ್ ಎನ್ನುತ್ತಿವೆ. ಆ ವಾರವಷ್ಟೇ ಮೇಷ್ಟ್ರು ನೂರರಾಚೆಗಿನ ಎಣಿಕೆ ಕಲಿಸಿದ್ದಾರೆ, ನೂರರಾಚೆ ಇಷ್ಟೊಂದು ಜಾಗ ಇದೆ ಎಂದು ತಿಳಿದ ಹುಡುಗನ ಕಾಲು ನೆಲದ ಮೇಲೆ ನಿಂತಿಲ್ಲ. ಬಾಗಿಲು ಎಣಿಸಿದ್ದಾನೆ, ತೆಂಗಿನ ಮರ ಎಣಿಸಿದ್ದಾನೆ, ಈಗ ರೊಪ್ಪದತ್ತ ಬೆರಳು ತೋರಿಸುತ್ತ ಕುರಿ ಎಣಿಸುತ್ತಿದ್ದಾನೆ. ಮುಗಿಸಿದವನೇ ಬಯಲೆಲ್ಲ ಕೇಳುವ ಹಾಗೆ ಕೂಗಿದ, 'ನೂರಾ ಹದಿಮೂರು!' ಕತ್ತರಿಗಳೆಲ್ಲ ಒಂದು ಕ್ಷಣ ನಿಂತವು. ಅಪ್ಪ ತಲೆ ಎತ್ತಿ ನೋಡಿದ, ಏನೂ ಅನ್ನಲಿಲ್ಲ, ಮತ್ತೆ ತಲೆ ತಗ್ಗಿಸಿ ಉಣ್ಣೆ ಕತ್ತರಿಸತೊಡಗಿದ. ಒಂದು ತಿಂಗಳಿಗೆ ಮಳೆ ಹಿಡಿಯಿತು, ಮಳೆಯ ಹಿಂದೆ ನೀಲಿನಾಲಿಗೆ ರೋಗ ಬಂತು. ಕುರಿಗಳ ಮೂತಿ ಊದಿ, ನಾಲಿಗೆ ನೀಲಿಯಾಗಿ, ಮೇವು ಮುಟ್ಟದೆ ನಿಂತ ನಿಂತಲ್ಲೇ ಕುಸಿದವು. ಎಷ್ಟು ಸತ್ತವು ಎಂದು ಆ ಹುಡುಗ ಎಣಿಸಲಿಲ್ಲ. ಆಮೇಲೆ ಅವನು ಏನನ್ನೂ ಎಣಿಸಲಿಲ್ಲ ಎಂದರೂ ನಡೆಯುತ್ತದೆ.

ಎದುರಿಗೆ ಬಂದ ಬಸ್ಸು ಹಾರನ್ ಹೊಡೆದಾಗ ಓಬಳೇಶ ಬೈಕನ್ನು ಎಡಕ್ಕೆ ಎಳೆದ. ಅಪ್ಪ ಎರಡು ಬಾರಿಸಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಈಗಲೂ ಅನ್ನಿಸುತ್ತದೆ. ಏಟು ಬಿದ್ದರೆ ಲೆಕ್ಕ ಚುಕ್ತಾ ಆಗುತ್ತದೆ. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ, ಆ ಮಳೆಗಾಲವೆಲ್ಲ ಮಾತೇ ಆಡದೆ ಗುಂಡಿ ತೋಡಿದ. ಆ ಮೌನ ತನಗಾದ ಶಿಕ್ಷೆ ಎಂದು ಹುಡುಗ ಅರ್ಥ ಮಾಡಿಕೊಂಡ. ಶಾಲೆ ಮುಗಿದದ್ದೇ ಮಂದೆಯ ಹತ್ತಿರ ಸುಳಿಯದೆ ಪೇಟೆಗೆ ಬಂದು ಕಂಬಳಿ ವ್ಯಾಪಾರಕ್ಕೆ ನಿಂತ. ಕುರಿಯಿಂದ ದೂರ ಓಡಿದವನು ಮತ್ತೆ ಕುರಿಯ ಕೂದಲಿಗೇ ಜೋತುಬಿದ್ದ, ಅದನ್ನು ನೆನೆದರೆ ಅವನಿಗೇ ನಗು ಬರುತ್ತದೆ. ಮಗ್ಗದಿಂದ ಇಳಿದ ಕಂಬಳಿಗಳನ್ನು ಎಣಿಸಿ ಮೂಟೆ ಕಟ್ಟುವವಳು ಮಮತಾ. ಹೆಣ್ಣುಮಕ್ಕಳು ಅಂಗಳದಲ್ಲಿ ಆಟಕ್ಕೆ ಒಂದು ಎರಡು ಮೂರು ಎಂದು ಕೂಗಿದರೆ ಇವನು ಏನೋ ನೆನಪಾದವನಂತೆ ಎದ್ದು ಹೊರಗೆ ಹೋಗುತ್ತಾನೆ. ಗಂಡನಿಗೆ ಲೆಕ್ಕ ಬರುವುದಿಲ್ಲ ಎಂದು ಮಮತಾ ತವರಿನವರಿಗೆಲ್ಲ ಹೇಳಿಟ್ಟಿದ್ದಾಳೆ. ಅವಳಿಗೂ ಅವನು ಇದನ್ನು ಹೇಳಿಲ್ಲ.

ತೆಂಗಿನ ತೋಟದ ಅಂಚಿನ ಬಯಲಿನಲ್ಲಿ ಮುಳ್ಳುಬೇಲಿಯ ರೊಪ್ಪದ ಮುಂದೆ ಚಿಕ್ಕಪ್ಪ ಸಣ್ಣತಿಮ್ಮಪ್ಪ ಕುಕ್ಕುರುಗಾಲಿನಲ್ಲಿ ಕೂತು ಬೀಡಿ ಎಳೆಯುತ್ತಿದ್ದ. ಎಪ್ಪತ್ತು ದಾಟಿದ ಒಣಕಲು ಮನುಷ್ಯ, ಮದುವೆಯಾಗಲಿಲ್ಲ. ಅಣ್ಣ ತೀರಿಕೊಂಡ ಮೇಲೆ ಮಂದೆಯನ್ನೂ ಅಣ್ಣನ ಮಗನನ್ನೂ ಒಟ್ಟಿಗೆ ಕಾದವನು ಅವನೇ. ಒಂದರ ಕಡೆ ಗದರುತ್ತ ಇನ್ನೊಂದರ ಕಡೆ ಕಣ್ಣಿಡುವುದು ಅವನಿಗೆ ರೂಢಿ. 'ಏನಪ್ಪ ದುಬೈ ಸಾವ್ಕಾರ, ಬಂದ್ಯಾ?' ಎಂದ.

'ದುಬೈ ಅಲ್ಲ ಚಿಕ್ಕಪ್ಪ, ಒಮಾನು.'

'ಎಲ್ಲಾ ಒಂದೇ ಬಿಸ್ಲು ಬಿಡು. ಕುಂತ್ಕ.'

ಓಬಳೇಶ ಕೂರಲಿಲ್ಲ. ಡಾಕ್ಟರು ರೋಗ ಇದೆಯೋ ಇಲ್ಲವೋ ನೋಡಲು ಬರುತ್ತಾರೆ ಎಂದಷ್ಟೇ ಹೇಳಿ, ಅವರು ಗುಟ್ಟಾಗಿ ಎಣಿಸಿಕೊಂಡು ಹೋಗುವ ಹಾಗೆ ಮಾಡಿದರೆ? ಅದೇ ಬೆಳಿಗ್ಗೆಯ ಸುಳ್ಳು. ಕನ್ನಡಿಯ ಮುಂದೆ ಎಷ್ಟು ಸಲೀಸಾಗಿತ್ತು. ಚಿಕ್ಕಪ್ಪ ಬೀಡಿಯ ಹೊಗೆಯಾಚೆಯಿಂದ ಅವನನ್ನೇ ನೋಡುತ್ತಿದ್ದ. 'ಚಿಕ್ಕಪ್ಪ, ಕುರಿ ಎಣಿಸ್ಬೇಕಂತೆ' ಎಂದು ಓಬಳೇಶ ಒಂದೇ ಉಸಿರಿಗೆ ಹೇಳಿಬಿಟ್ಟ. 'ಡಾಕ್ಟ್ರು ಬರ್ತಾ ಅವ್ರೆ. ಎಣಿಸಿ ಬರ್ಕೊಡ್ಲಿಲ್ಲ ಅಂದ್ರೆ ಜುಬೇರು ಅಲ್ಲಿ ಬೀದಿಗೆ ಬೀಳ್ತಾನೆ. ನಂಗೆ ವೀಸಾ ಸಿಗಲ್ಲ.'

'ಗೊತ್ತೈತೆ. ನೀ ಹೊಂಟಾಗ್ಲೇ ಮಮತಾ ಫೋನ್ ಮಾಡಿದ್ಲು. ಎಣಿಸ್ಕಳ್ಳಿ ಬಿಡು, ಅದಕ್ಕೇನು?'

ಅಷ್ಟೇ. ಮೂರು ತಿಂಗಳು ನಿದ್ದೆ ಕೆಡಿಸಿಕೊಂಡದ್ದಕ್ಕೆ ಉತ್ತರ ಇಷ್ಟೇ. ಓಬಳೇಶನಿಗೆ ಸಂತೋಷವಾಗಬೇಕಿತ್ತು, ಸಿಟ್ಟು ಬಂತು. ಒಂಬತ್ತು ವರ್ಷದವನು ಎಣಿಸಿದರೆ ಅಷ್ಟು ದೊಡ್ಡ ತಪ್ಪಾಗಿದ್ದು ಈಗ 'ಅದಕ್ಕೇನು' ಆಯಿತೇ? ಕಾಲ ಬದಲಾಯಿತು ಎಂದೇ ಇಟ್ಟುಕೊಳ್ಳೋಣ, ಆ ವಿಷಯವನ್ನು ತನಗೂ ಒಂದು ಮಾತು ತಿಳಿಸಬಾರದಿತ್ತೇ? ಅಷ್ಟರಲ್ಲಿ ಪಶುವೈದ್ಯ ರಂಗೇಶ್ ಸ್ಕೂಟರಿನಲ್ಲಿ ಬಂದರು. ಹಿರಿಯೂರಿನ ಕಡೆಯವರು, ಬಾಯಿತುಂಬ ಮಾತು. 'ಅಜ್ಜಾರೆ, ಬೈಯಲ್ಲ ತಾನೆ?' ಎಂದು ದೂರದಿಂದಲೇ ಕೂಗಿದರು. 'ನಮ್ಮಜ್ಜಿ ಕೋಳಿಮರಿ ಎಣಿಸಾಕೂ ಬಿಡ್ತಿರ್ಲಿಲ್ಲ. ಎಣಿಸಿದ್ರೆ ಹದ್ದಿಗೆ ಕೇಳಿಸ್ತೈತೆ ಅನ್ನೋಳು.'

'ಬರ್ರಿ ಡಾಕ್ಟ್ರೆ, ಇಲ್ಲಿ ಹದ್ದಿಲ್ಲ' ಎಂದ ಸಣ್ಣತಿಮ್ಮಪ್ಪ.

ರೊಪ್ಪದ ಬಾಗಿಲನ್ನು ಒಂದು ಕುರಿ ನುಸುಳುವಷ್ಟು ಕಿರಿದು ಮಾಡಿದರು. ಚಿಕ್ಕಪ್ಪ ಒಳಗಿನಿಂದ ಅಟ್ಟುತ್ತಿದ್ದ, ರಂಗೇಶ್ ಬಾಗಿಲ ಪಕ್ಕ ನಿಂತು ಒಂದೊಂದರ ಬಾಯಿ, ಕಾಲು ನೋಡಿ ಕೈಯಲ್ಲಿದ್ದ ಪುಟ್ಟ ಯಂತ್ರದ ಗುಂಡಿ ಒತ್ತುತ್ತಿದ್ದರು. ಒತ್ತಿದಾಗಲೆಲ್ಲ ಟಿಕ್ ಎನ್ನುತ್ತಿತ್ತು. ಹೊರಬಂದವು ತೋಟದ ಕಡೆ ನುಗ್ಗದಂತೆ ತಡೆಯುವುದು ಓಬಳೇಶನ ಪಾಲಿಗೆ ಬಂದ ಕೆಲಸ. ತಾನು ಎಣಿಸಬಾರದು ಎಂದು ಅವನು ನಿಶ್ಚಯ ಮಾಡಿಕೊಂಡ. ಎಣಿಸದಿರಲು ಬೇರೆ ಏನಾದರೂ ಯೋಚಿಸಬೇಕಲ್ಲ, ಹೊಸದುರ್ಗದಿಂದ ಚಿತ್ರದುರ್ಗಕ್ಕೆ ಹೋಗುವ ಬಸ್ಸುಗಳನ್ನು ನೆನೆಸಿಕೊಂಡ. ಮೊದಲನೆಯದು ಐದೂವರೆಗೆ, ಎರಡನೆಯದು ಆರಕ್ಕೆ, ಮೂರನೆಯದು ಹೊಳಲ್ಕೆರೆಯ ಮೇಲೆ. ಬಸ್ಸುಗಳನ್ನೂ ಎಣಿಸುತ್ತಿದ್ದೇನೆ ಎಂದು ಹೊಳೆದು ಗಾಬರಿಯಾಯಿತು. ಅಮ್ಮ ಹೇಳುತ್ತಿದ್ದ ಸೋಬಾನೆ ಪದ ಗುನುಗಿದ, ಅದರ ಮಟ್ಟು ಟಿಕ್ ಟಿಕ್‌ಗೆ ಸರಿಯಾಗಿ ಕೂತುಬಿಟ್ಟಿತು. ಬಾಯಿ ಪದ ಹಾಡುತ್ತಿದ್ದರೆ ಹೊಟ್ಟೆಯ ಆಳದಲ್ಲಿ ಎಲ್ಲೋ ಒಬ್ಬ ಒಂಬತ್ತು ವರ್ಷದವನು ಸ್ವಲ್ಪವೂ ತಪ್ಪದೆ ಎಣಿಸುತ್ತ ಹೋಗುತ್ತಿದ್ದ. ನೂರಾ ಹನ್ನೊಂದು. ನೂರಾ ಹನ್ನೆರಡು. ಒಂದು ಕುಂಟು ಟಗರು ಬಾಗಿಲಲ್ಲಿ ನಿಂತು ಇವನ ಮುಖ ನೋಡಿ ಒಮ್ಮೆ ಸೀನಿತು. ಟಿಕ್. ಓಬಳೇಶ ಕಣ್ಣು ಮುಚ್ಚಿಕೊಂಡ. ಕಣ್ಣು ಬಿಟ್ಟಾಗ ಟಗರು ಅವನ ಬೈಕಿನ ಸೀಟನ್ನು ಜಗಿಯುತ್ತಿತ್ತು, ಹಿಂದಿನ ಕುರಿಗಳು ಬರುತ್ತಲೇ ಇದ್ದವು, ಆಕಾಶ ಎಲ್ಲಿತ್ತೋ ಅಲ್ಲೇ ಇತ್ತು. ಆಮೇಲೆ ಅವನು ತಡೆಯಲು ಹೋಗಲಿಲ್ಲ, ಕೊನೆಯವರೆಗೂ ಎಣಿಸಿದ. ಕೊನೆಗೆ ಎಷ್ಟಾಯಿತು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಓದುವವರ ಕಣ್ಣು ಒಳ್ಳೆಯದೇ ಇರಬಹುದು, ಆದರೆ ಮಂದೆ ನನ್ನದಲ್ಲ.

ರಂಗೇಶ್ ಪ್ರಮಾಣಪತ್ರಕ್ಕೆ ಸಹಿ ಹಾಕಿ, ಮೊಹರು ಒತ್ತಿ, ಒಂದು ಲೋಟ ಮಜ್ಜಿಗೆ ಕುಡಿದು ಹೊರಟರು. ಕುರಿಯ ಮಾಲೀಕನೂ ಒಂದು ಘೋಷಣೆಗೆ ಸಹಿ ಮಾಡಬೇಕಿದ್ದರಿಂದ ಓಬಳೇಶ ಚಿಕ್ಕಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊಸದುರ್ಗಕ್ಕೆ ಹೊರಟ. ಪಕ್ಕದ ಮಂದೆಯವನೊಬ್ಬ ಸಂಜೆಯವರೆಗೆ ನೋಡಿಕೊಳ್ಳುತ್ತೇನೆಂದ. ಮುದುಕನ ಕೈ ಓಬಳೇಶನ ಭುಜದ ಮೇಲಿತ್ತು, ಹಂಪ್ಸ್ ಬಂದಾಗ ಹಿಡಿತ ಬಿಗಿಯಾಗುತ್ತಿತ್ತು. ಇನ್ನು ಒಂದು ತಿಂಗಳು ಎಂದುಕೊಂಡ ಓಬಳೇಶ. ತಾನು ಸಲಾಲದಲ್ಲಿ ರಿಬ್ಬನ್ ಕಟ್ಟಿದ ಅಂಗಡಿಯ ಮುಂದೆ ನಿಂತಿರುತ್ತೇನೆ, ಕೊನೆಗೂ ನಗಬಹುದಾದ ಒಂದು ಫೋಟೋ ತೆಗೆಸಿಕೊಳ್ಳುತ್ತಿರುತ್ತೇನೆ, ಆಗ ಫೋನು ಬರುತ್ತದೆ. ಈ ಮುದುಕ ಗುಂಡಿ ತೋಡುತ್ತಿರುತ್ತಾನೆ, ಏನೂ ಅನ್ನುವುದಿಲ್ಲ. ನಾಲ್ಕಕ್ಷರ ಕಲಿತ ಮನುಷ್ಯ ನಾನು, ಇದನ್ನೆಲ್ಲ ನಂಬುತ್ತೇನೆಯೇ ಎಂದು ಕೇಳಿಕೊಂಡ. ನಂಬುವುದಿಲ್ಲ ಎಂದು ಉತ್ತರ ಬಂತು. ಭಯ ಹೋಗಲಿಲ್ಲ. 'ಲೇ, ನಿಧಾನ ಹೊಡಿ' ಎಂದು ಹಿಂದಿನಿಂದ ಚಿಕ್ಕಪ್ಪ ಹೇಳಿದ.

ಆತಿಕಾಳ ಆಫೀಸು ಬಸ್‌ಸ್ಟ್ಯಾಂಡಿನ ಎದುರಿಗೆ, ಮೆಡಿಕಲ್ ಸ್ಟೋರಿನ ಮಹಡಿಯಲ್ಲಿ. ಕಡಿದಾದ ಮೆಟ್ಟಿಲು ಹತ್ತಿ ಬಂದವರಿಗೆ ನೀರು ಕೊಟ್ಟು, 'ಅಜ್ಜ, ಫ್ಯಾನ್ ಕೆಳಗೆ ಕುಂತ್ಕಳ್ರಿ' ಎಂದು ಕುರ್ಚಿ ಎಳೆದಳು. ಮೂವತ್ತರ ಹುಡುಗಿ, ಕಪ್ಪು ಕೋಟನ್ನು ಕುರ್ಚಿಗೆ ಹಾಕಿ ತೋಳು ಮಡಚಿ ಕೂತಿದ್ದಳು. ಮಧ್ಯಾಹ್ನದ ಊಟ ಮಾಡಿರಲಿಲ್ಲ ಎಂಬುದು ಮೇಜಿನ ಮೇಲೆ ಮುಚ್ಚಿದಂತೆಯೇ ಇದ್ದ ಡಬ್ಬಿಯಿಂದ ತಿಳಿಯುತ್ತಿತ್ತು. ಗಡಿಯಾರದಲ್ಲಿ ಮೂರೂ ಮುಕ್ಕಾಲು. 'ಅಣ್ಣ ಬೆಳಗ್ಗೆಯಿಂದ ಹದಿನೆಂಟು ಸಲ ಫೋನ್ ಮಾಡಿದಾನೆ, ಓಬಳೇಶಣ್ಣ. ನಾನು ಈಗ ಎತ್ತೋದೇ ಬಿಟ್ಟಿದೀನಿ' ಎಂದು ಡಾಕ್ಟರ ಪತ್ರ ತೆಗೆದುಕೊಂಡಳು. ಘೋಷಣಾಪತ್ರದಲ್ಲಿ ಖಾಲಿ ಬಿಟ್ಟಿದ್ದ ಜಾಗದಲ್ಲಿ ಸಂಖ್ಯೆ ತುಂಬಿ, ಅಚ್ಚು ತೆಗೆದು, ಮುದುಕನಿಗಾಗಿ ಗಟ್ಟಿಯಾಗಿ ಓದಿದಳು. 'ಸಣ್ಣತಿಮ್ಮಪ್ಪ ಆದ ನಾನು ಪ್ರಮಾಣ ಮಾಡಿ ತಿಳಿಸುವುದೇನೆಂದರೆ, ನನ್ನ ಒಡೆತನದಲ್ಲಿರುವ ಎಲ್ಲ ಕುರಿಗಳ ಸಂಖ್ಯೆ' ಎಂಬಲ್ಲಿಗೆ ಬಂದು, ಸಂಖ್ಯೆಯನ್ನು ಹೇಳದೆ ಬೆರಳಿನಿಂದ ತೋರಿಸಿ ಮುಂದಕ್ಕೆ ಹೋದಳು. ಅಷ್ಟು ನಯ ಅವಳಿಗೆ ತಿಳಿದಿತ್ತು. ಚಿಕ್ಕಪ್ಪ ಪೆನ್ನು ಹಿಡಿದುಕೊಂಡ, ಕಾಗದದ ಮೇಲೆ ಬಾಗಿದ, ಮತ್ತೆ ನೆಟ್ಟಗೆ ಕೂತು ಪೆನ್ನನ್ನು ಕೆಳಗಿಟ್ಟ.

'ಇದಕ್ಕೆ ಆಗಲ್ಲವ್ವ' ಎಂದ.

'ಯಾಕಜ್ಜ? ಏನ್ ತಪ್ಪೈತೆ?'

'ಎಲ್ಲ ಕುರಿ ಅಂತ ಐತಲ್ಲ. ಎಲ್ಲ ಅಲ್ಲ ಅವು. ಡಾಕ್ಟ್ರು ಬರಾಕೆ ಮುಂಚೆ ಒಂದನ್ನ ತೋಟದ ಪಂಪ್‌ಸೆಟ್ ಮನೇಲಿ ಕಟ್ಟಿ ಬಂದಿದ್ದೆ.'

'ಯಾಕೆ ಚಿಕ್ಕಪ್ಪ?' ಎಂದ ಓಬಳೇಶ, ಅವನ ದನಿ ಅವನಿಗೇ ಕೀರಲಾಗಿ ಕೇಳಿತು.

'ಯಾಕೆ ಅಂದ್ರೆ? ಎಣಿಸ್ತಾರೆ ಅಂದ್ರೆ ಒಂದನ್ನ ಹೊರಗೆ ಇಡ್ಬೇಕಲ್ಲೇನೋ. ಎಲ್ಲಾನೂ ಎಣಿಸಿ ಕೊಟ್ರೆ ಮಂದೆ ಉಳೀತೈತಾ? ಒಂದು ಹೊರಗಿತ್ತು ಅಂದ್ರೆ ಲೆಕ್ಕ ಪೂರ್ತಿ ಆಗಲ್ಲ. ಲೆಕ್ಕ ಪೂರ್ತಿ ಆಗದೆ ಕಣ್ಣು ತಾಗಲ್ಲ.'

'ಆಯ್ತು, ಈಗ ಸಹಿ ಹಾಕು ಚಿಕ್ಕಪ್ಪ. ಒಂದು ಕುರಿ. ಅಷ್ಟು ದೂರದಾಗೆ ಕುಂತೋರಿಗೆ ಯಾರು ಹೇಳ್ತಾರೆ?'

'ನಂಗೆ ಗೊತ್ತಲ್ಲೋ' ಎಂದ ಸಣ್ಣತಿಮ್ಮಪ್ಪ. ಸಿಟ್ಟಿನಿಂದಲ್ಲ, ಇಷ್ಟು ಸಣ್ಣ ವಿಷಯ ಇವನಿಗೆ ಹೊಳೆಯಲಿಲ್ಲವಲ್ಲ ಎನ್ನುವ ಬೆರಗಿನಿಂದ. 'ಪ್ರಮಾಣ ಅಂತ ಬರ್ದೈತೆ ಅಂತ ಈ ಹುಡುಗಿ ಓದಿದ್ಲಲ್ಲ. ಪ್ರಮಾಣ ಮಾಡಿ ಸುಳ್ಳು ಹೇಳು ಅಂತೀಯಾ?' ಬೆಳಿಗ್ಗೆಯಿಂದ ಹೊತ್ತುಕೊಂಡು ತಿರುಗಿದ್ದ ಸುಳ್ಳನ್ನು ಓಬಳೇಶ ಕೊನೆಗೂ ಹೇಳಿದ್ದ, ಅದೂ ಚಿಕ್ಕಪ್ಪನ ಬಾಯಿಂದ ಹೇಳಿಸಲು ಹೋಗಿ ಸಿಕ್ಕಿಬಿದ್ದಿದ್ದ. ತಲೆ ತಗ್ಗಿಸಿ ತನ್ನ ಚಪ್ಪಲಿಗೆ ಅಂಟಿದ್ದ ಕುರಿಹಿಕ್ಕೆಯನ್ನು ನೋಡಿಕೊಂಡ. ಹೋಯಿತು, ಎಲ್ಲ ಹೋಯಿತು ಎಂದುಕೊಂಡ. ಜುಬೇರನಿಗೆ ಏನೆಂದು ಹೇಳುವುದು? ನಿನ್ನ ಹನ್ನೆರಡು ವರ್ಷ ಪಂಪ್‌ಸೆಟ್ ಮನೆಯಲ್ಲಿ ಕಟ್ಟಿಹಾಕಿದ ಒಂದು ಕುರಿಯಿಂದ ಹಾಳಾಯಿತು ಎಂದೇ?

ಆತಿಕಾ ಮಾತ್ರ ನಗಲೂ ಇಲ್ಲ, ಗದರಲೂ ಇಲ್ಲ. ಫೈಲಿನಿಂದ ಒಮಾನಿನವರ ಮೂಲ ನಮೂನೆ ಹೊರತೆಗೆದು ಬೆರಳಿಟ್ಟು ಓದತೊಡಗಿದಳು. ಒಮ್ಮೆ ಓದಿದಳು, ಹಿಂದಕ್ಕೆ ಹೋಗಿ ಇನ್ನೊಮ್ಮೆ ಓದಿದಳು, ಆಮೇಲೆ ಹಣೆ ಚಚ್ಚಿಕೊಂಡಳು. 'ಅರೆ, ಇವ್ರು ಎಲ್ಲ ಕುರಿ ಅಂತ ಕೇಳೇ ಇಲ್ಲ! ಯಾವ ಕುರಿಗಳ ಉಣ್ಣೆ ಕಳಿಸ್ತೀರೋ ಅವು ಎಷ್ಟು ಅಂತ ಕೇಳಿರೋದು. ಆ ಎಲ್ಲ ಅನ್ನೋದು ನಂದು. ಯಾವ್ದೋ ಹಳೇ ಅಫಿಡವಿಟ್‌ನಿಂದ ಹಂಗೇ ಕಾಪಿ ಹೊಡ್ದಿದೀನಿ. ಥತ್, ತಪ್ಪು ನಂದೇ. ಡಾಕ್ಟ್ರೂ ಪರೀಕ್ಷೆ ಮಾಡಿದ ಕುರಿ ಅಂತಾನೇ ಬರ್ದವ್ರೆ, ಅದು ನಿಜಾನೇ. ಅಜ್ಜ, ನಿಜ ಹೇಳ್ರಿ, ಆ ಪಂಪ್‌ಸೆಟ್ ಮನೇದರ ಉಣ್ಣೆ ಒಮಾನಿಗೆ ಹೋಗಲ್ಲ ತಾನೆ?'

'ಹೋಗಲ್ಲ. ಅದನ್ನ ನಾನೇ ಕತ್ತರಿಸಿ, ನಾನೇ ನೇಯಿಸ್ಕಂಡು, ನಾನೇ ಹೊದ್ಕಂತೀನಿ.'

'ಬಾಯಿಮಾತಾಗ್ಬಾರ್ದು. ಅದನ್ನೂ ಬರೀತೀನಿ.'

'ಬರಿಯವ್ವ. ಎಷ್ಟು ಬೇಕಾದ್ರೂ ಬರಿ.'

ಅವಳು ಹೊಸ ಪತ್ರವನ್ನು ಟೈಪು ಮಾಡತೊಡಗಿದಳು. ಗಡಿಯಾರ ನಾಲ್ಕು ದಾಟಿತ್ತು. ಒಂದು ಹೊರಗಿದ್ದರೆ ಲೆಕ್ಕ ಪೂರ್ತಿ ಆಗುವುದಿಲ್ಲ ಎಂಬ ಚಿಕ್ಕಪ್ಪನ ಮಾತು ಓಬಳೇಶನ ತಲೆಯಲ್ಲಿ ಸುತ್ತುತ್ತಿತ್ತು. ಕಿಟಕಿಯಾಚೆ ನೋಡುತ್ತ, ಏನೋ ಹಗುರವಾದ ವಿಷಯವೆಂಬಂತೆ ಕೇಳಿದ, 'ಅಪ್ಪಾನೂ ಹಿಂಗೇ ಒಂದನ್ನ ಹೊರಗೆ ಇಡ್ತಿದ್ನಾ?'

'ಇಡ್ದೆ ಮತ್ತೆ? ಉಣ್ಣೆ ಕತ್ತರ್ಸೋ ದಿನ ಹತ್ತು ಜನ ಬಂದು ಕೂರ್ತಾರೆ, ಇಪ್ಪತ್ತು ಕಣ್ಣು. ಬೆಳಕು ಹರಿಯಾಕೆ ಮುಂಚೆನೇ ಒಂದನ್ನ ಅಟ್ಟಿಬಿಡ್ತಿದ್ದ. ಅವತ್ತು ನೀ ಕಲ್ಲು ಹತ್ತಿ ಕೂಗಿದ್ಯಲ್ಲ, ಅವತ್ತೂ ಇತ್ತು.'

ಓಬಳೇಶ ತಿರುಗಿ ನೋಡಿದ. ಮುದುಕ ಆರಾಮಾಗಿ ನೀರು ಕುಡಿಯುತ್ತಿದ್ದ.

'ನಿಂಗೆ ನೆನಪೈತಾ ಚಿಕ್ಕಪ್ಪ?'

'ಇಲ್ದೆ ಏನು, ಅರ್ಧ ಊರಿಗೆ ಕೇಳಿಸ್ತು. ನೂರಾ ಹದಿಮೂರು ಅಂದೆ. ನಿಜವಾಗ್ಲೂ ಎಷ್ಟಿದ್ವು ಅಂತ ನಾ ಈಗ್ಲೂ ಹೇಳಲ್ಲ. ನೂರಾ ಹದಿಮೂರಲ್ಲ, ಅಷ್ಟೆ.' ಲೋಟ ಕೆಳಗಿಟ್ಟು ಬಾಯಿ ಒರೆಸಿಕೊಂಡ. 'ಊಟಕ್ಕೆ ಕುಂತಾಗ ನಿಮ್ಮಪ್ಪ ಏನಂದ ಗೊತ್ತಾ? ಹುಡುಗ ನೂರು ದಾಟಿಬಿಟ್ಟ ಕಣೋ ತಿಮ್ಮ, ನಮ್ ವಂಶದಾಗೆ ನೂರು ದಾಟಿದೋನು ಇವನೊಬ್ನೇ ಅಂದ. ಒಂದು ಮುದ್ದೆ ಜಾಸ್ತಿ ಉಂಡ ಅವತ್ತು.'

'ಮತ್ತೆ ಅವು ಯಾಕೆ ಸತ್ವು?'

'ರೋಗ ಬಂತು, ಸತ್ವು. ಸುತ್ತ ಹತ್ತೂರಾಗೂ ಸತ್ವು. ಅಲ್ಲೆಲ್ಲ ನೀ ಹೋಗಿ ಎಣಿಸಿದ್ಯಾ?' ಎಂದವನು ಓಬಳೇಶನ ಮುಖ ನೋಡಿ ಮಾತು ನಿಲ್ಲಿಸಿದ. ನೋಡುತ್ತಲೇ ಇದ್ದ. ಸಂಜೆ ರೊಪ್ಪದ ಬಾಗಿಲಲ್ಲಿ ನಿಂತು ನೋಡುವ ರೀತಿಯೇ ಅದು. 'ಲೇ, ಇದನ್ನ ಇಷ್ಟು ವರ್ಷ ಹೊಟ್ಟೇಲಿ ಇಟ್ಕಂಡಿದ್ಯಾ? ಕೇಳಿದ್ರೆ ಹೇಳ್ತಿರ್ಲಿಲ್ವೇನೋ ದಡ್ಡ ನನ್ ಮಗನೆ.'

ಓಬಳೇಶ ನಕ್ಕ. ಅಳು ಬರುತ್ತದೆ ಎಂದುಕೊಂಡಿದ್ದ, ಬಂದದ್ದು ನಗು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಕೆಮ್ಮು ಬಂತು. ಆತಿಕಾ ಟೈಪು ನಿಲ್ಲಿಸಿ ಅವನಿಗೊಂದು ಲೋಟ ನೀರು ತಳ್ಳಿದಳು. ಅಪ್ಪ ಆ ಮಳೆಗಾಲವೆಲ್ಲ ಮಾತಾಡದೇ ಇದ್ದದ್ದು ಕುರಿ ಸತ್ತ ದುಃಖಕ್ಕೆ, ಬರೀ ಅಷ್ಟಕ್ಕೆ. ಮೂವತ್ತೆರಡು ವರ್ಷ ತಾನು ಹೊತ್ತು ತಿರುಗಿದ ಆ ಮೌನದಲ್ಲಿ ತನ್ನ ಹೆಸರೇ ಇರಲಿಲ್ಲ. ಖುಷಿಯಾಯಿತು, ಅದರ ಜೊತೆಗೇ ಇಷ್ಟು ವರ್ಷ ದಂಡವಾಯಿತಲ್ಲ ಎಂದು ಹೊಟ್ಟೆಯೂ ಉರಿಯಿತು. ಅಪ್ಪ ಒಂದು ಮುದ್ದೆ ಜಾಸ್ತಿ ಉಂಡದ್ದನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಉಣ್ಣಿಸಿ ನೋಡಿದ.

ಹೊಸ ಪತ್ರವನ್ನು ಆತಿಕಾ ಮೊದಲಿಂದ ಕೊನೆಯವರೆಗೂ ಓದಿದಳು. ಸಣ್ಣತಿಮ್ಮಪ್ಪ ನಾಲಿಗೆಯ ತುದಿ ಕಚ್ಚಿಕೊಂಡು, ಒಂದೊಂದೇ ಅಕ್ಷರವನ್ನು ಜಾಗ್ರತೆಯಿಂದ ಕೂರಿಸಿ ಸಹಿ ಮಾಡಿದ. ಕೆಳಗಿನ ನೋಟರಿಯಿಂದ ಮೊಹರು ಹಾಕಿಸಿಕೊಂಡು ಓಬಳೇಶ ಎರಡೆರಡು ಮೆಟ್ಟಿಲು ಹಾರಿ ಬಂದ. ನಾಲ್ಕೂ ಮುಕ್ಕಾಲಿಗೆ ಪತ್ರಗಳೆಲ್ಲ ಏರಿ, ಒಂದೊಂದರ ಮುಂದೆಯೂ ಹಸಿರು ಗುರುತು ಬಿತ್ತು. ಉಳಿದದ್ದು ಕೊನೆಯ ಪುಟ ಒಂದೇ, ಓಬಳೇಶನ ವೀಸಾದ ವಿವರ. ಆತಿಕಾ ಒಂದೊಂದಾಗಿ ಕೇಳುತ್ತ ಒತ್ತುತ್ತ ಹೋದಳು. ಹುಟ್ಟಿದ ಊರು, ತಂದೆಯ ಹೆಸರು, ವಿದ್ಯಾಭ್ಯಾಸ.

'ಕುಟುಂಬದಲ್ಲಿ ಎಷ್ಟು ಜನ ಓಬಳೇಶಣ್ಣ?'

'ಐದು' ಎಂದ ಅವನು. ಎಣಿಸಿ ಹೇಳಿದ್ದಲ್ಲ, ತಾನಾಗಿ ಬಂತು.

ಅವಳು ಮೇಜಿನ ಮೇಲಿದ್ದ ಆಧಾರ್ ಪ್ರತಿಗಳನ್ನು ಹರಡಿದಳು. ಓಬಳೇಶ, ಮಮತಾ, ಹೆಣ್ಣುಮಕ್ಕಳಿಬ್ಬರು. 'ಇಲ್ಲಿ ನಾಲ್ಕೇ ಅವೆ. ಐದನೇರು ಯಾರು?'

ಓಬಳೇಶ ಫ್ಯಾನಿನ ಕೆಳಗಿನ ಕುರ್ಚಿಯತ್ತ ನೋಡಿದ. ಇಷ್ಟು ವರ್ಷಗಳಲ್ಲಿ ಯಾವ ರೇಷನ್ ಕಾರ್ಡಿನಲ್ಲೂ, ಯಾವ ಅರ್ಜಿಯಲ್ಲೂ ತಾನು ಈ ಮನುಷ್ಯನ ಹೆಸರು ಬರೆಸಿಲ್ಲ ಎಂಬುದು ಆಗ ಅವನಿಗೆ ಹೊಳೆಯಿತು, ಹೊಳೆದು ನಾಚಿಕೆಯಾಯಿತು. 'ಇವ್ರದ್ದೂ ಬರ್ಕಳಮ್ಮ' ಎಂದ. 'ಆಧಾರ್ ಇವ್ರ ಜೇಬಲ್ಲೇ ಇರ್ತೈತೆ.'

ಸಣ್ಣತಿಮ್ಮಪ್ಪ ಜೇಬನ್ನು ಕೈಯಿಂದ ಮುಚ್ಚಿಕೊಂಡ. 'ಬ್ಯಾಡವ್ವ, ಬರೀಬ್ಯಾಡ' ಎಂದ. ಆಮೇಲೆ ಓಬಳೇಶನ ಕಡೆ ಬಾಗಿ, ಮಂದೆಯ ಹತ್ತಿರ ಮಾತಾಡುವ ತಗ್ಗಿದ ದನಿಯಲ್ಲಿ, 'ನನ್ನ ಹೊರಗೆ ಬಿಡು ಲೇ. ಒಂದು ಹೊರಗಿರ್ಲಿ' ಎಂದ.

ಗಡಿಯಾರದಲ್ಲಿ ಐದಕ್ಕೆ ಒಂಬತ್ತು ನಿಮಿಷ ಇತ್ತು. ಆತಿಕಾಳ ಬೆರಳು ಗುಂಡಿಯ ಮೇಲೆ ಕಾಯುತ್ತಿತ್ತು, ಅವಳು ಇಬ್ಬರ ಮುಖವನ್ನೂ ನೋಡಿದಳು. ಓಬಳೇಶ ಎದೆ ತುಂಬ ಉಸಿರೆಳೆದು, ಕಿಟಕಿಯಾಚೆಯ ಬಸ್‌ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದ, 'ನಾಲ್ಕು!'